ಒಂದೇ ಗಂಟೆಗೆ ಎರಡು ಸಹಿ

ನನ್ನ ಕೈಬರಹ ಕೋಳಿ ಕೆದರಿದ ಹಾಗಿದೆ ಎಂದು ಶಾಲೆಯಲ್ಲೇ ಬೈಯುತ್ತಿದ್ದರು. ಮೇಟ್ರನ್ ಮೊಯೊ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟ ಎರಡು ಕಾಗದಗಳಲ್ಲೂ ಅದೇ ಕೋಳಿ ಕೆದರಿತ್ತು. ಒಂದರ ಪ್ರಕಾರ ಮಾರ್ಚ್ ಎಂಟು, ಮಂಗಳವಾರ, ಮಧ್ಯಾಹ್ನ ಎರಡು ಗಂಟೆಗೆ ನಾನು ಮೂಳೆ ವಾರ್ಡಿನಲ್ಲಿ ಮಿಸೆಸ್ ಡ್ರೂರಿ ಎಂಬ ಮುದುಕಿಯ ಮಗ್ಗುಲು ಬದಲಿಸುತ್ತಿದ್ದೆ. ಇನ್ನೊಂದರ ಪ್ರಕಾರ ಅದೇ ದಿನ ಅದೇ ಹೊತ್ತಿಗೆ ಆಸ್ಪತ್ರೆಯ ಇನ್ನೊಂದು ತುದಿಯ ಲೈಬ್ರರಿಯಲ್ಲಿ ಕೂತು ಓದುತ್ತಿದ್ದೆ. ಎರಡರ ಕೆಳಗೂ ನನ್ನ ಸಹಿ.

"ಇದರಲ್ಲಿ ಯಾವುದು ಸುಳ್ಳು, ಬೆವರ್ಲಿ?" ಎಂದು ಮೇಟ್ರನ್ ಕೇಳಿದರು. ಯಾವುದು ಸುಳ್ಳೆಂದರೂ ನನ್ನ ಕಥೆ ಮುಗಿದಂತೆಯೇ. ಅತ್ತ ದರಿ, ಇತ್ತ ಪುಲಿ. ಆ ಜಾಗಕ್ಕೆ ನನ್ನನ್ನು ಕೈ ಹಿಡಿದು ಕರೆತಂದವಳು ಮೇಟ್ರನ್ ಪಕ್ಕದ ಕುರ್ಚಿಯಲ್ಲೇ ಕೂತಿದ್ದಳು. ಅವಳ ಹೆಸರು ಲಿನೆಟ್, ನಮ್ಮ ವಾರ್ಡಿನ ಸಿಸ್ಟರ್, ಅಂದರೆ ಮುಖ್ಯ ನರ್ಸ್. ಹತ್ತೊಂಬತ್ತು ವರ್ಷದ ಗೆಳತಿ.

ನಾನು ಆ ವಾರ್ಡಿಗೆ ಆರೈಕೆ ಸಹಾಯಕಿಯಾಗಿ ಸೇರಿದಾಗ ಇಪ್ಪತ್ತೆಂಟು ವರ್ಷ. ಅಮ್ಮ ಬಂದರಿನ ಪಕ್ಕದ ಕಾರ್ಖಾನೆಯಲ್ಲಿ ಮೀನು ಸೀಳುತ್ತಿದ್ದಳು. ನನಗೆ ಮೀನಿನ ವಾಸನೆ ಬೇಡವಾಗಿತ್ತು, ಬೇರೆ ವಾಸನೆ ಸಿಕ್ಕಿತು. ಮೈ ಒರೆಸುವುದು, ಊಟ ಮಾಡಿಸುವುದು, ಮಲಪಾತ್ರೆ ಇಡುವುದು, ಬೈಗುಳ ತಿನ್ನುವುದು, ಇಷ್ಟೇ ನಮ್ಮ ಕೆಲಸ. ನಮಗೂ ನರ್ಸ್‌ಗಳಿಗೂ ನಡುವೆ ದೊಡ್ಡ ಗೋಡೆ ಇತ್ತು. ಆಮೇಲೆ ಸರಕಾರದವರು ಆ ಗೋಡೆಗೆ ಒಂದು ಮೆಟ್ಟಿಲು ಕಟ್ಟಿದರು. ಅದಕ್ಕೆ ನರ್ಸಿಂಗ್ ಅಸೋಸಿಯೇಟ್ ಎಂದು ಹೆಸರು. ನರ್ಸ್ ಅಲ್ಲ, ಸಹಾಯಕಿಯೂ ಅಲ್ಲ. ಮಾತ್ರೆ ಕೊಡಬಹುದು, ಗಾಯಕ್ಕೆ ಪಟ್ಟಿ ಕಟ್ಟಬಹುದು. ಎರಡು ವರ್ಷ ಕೆಲಸ ಮಾಡುತ್ತಲೇ ಓದಬೇಕು. ಕೊನೆಗೆ ನಿಮ್ಮ ಹೆಸರು ದೇಶದ ನೋಂದಣಿ ಪಟ್ಟಿಯಲ್ಲಿ ಸೇರುತ್ತದೆ. ನಮ್ಮ ಮನೆತನದಲ್ಲಿ ಪೊಲೀಸರ ಪಟ್ಟಿ ಬಿಟ್ಟು ಬೇರಾವ ಪಟ್ಟಿಗೂ ಯಾರೂ ಸೇರಿದ್ದಿಲ್ಲ.

"ನರ್ಸ್‌ಗಳ ತಪ್ಪನ್ನೆಲ್ಲ ತಿದ್ದೋಳು ನೀನು, ಸಂಬಳ ಮಾತ್ರ ಸಹಾಯಕಿದು," ಎಂದಿದ್ದಳು ಲಿನೆಟ್. "ಸಾಕು ಕಣೇ ಬೆವ್. ಅರ್ಜಿ ನಾನೇ ತುಂಬ್ತೀನಿ. ನೀನು ಸಹಿ ಹಾಕು."

ಹಾಕಿದೆ. ಅಲ್ಲಿಂದಲೇ ಶುರು ನೋಡಿ, ಅವಳು ತುಂಬುವುದು, ನಾನು ಸಹಿ ಹಾಕುವುದು.

ಗಣಿತದಲ್ಲಿ ಪಾಸಾಗದೆ ಈ ತರಬೇತಿಗೆ ಸೇರಿಸಿಕೊಳ್ಳುವುದಿಲ್ಲ. ನನಗೆ ಭಿನ್ನರಾಶಿ ತಲೆಗೇ ಹತ್ತುತ್ತಿರಲಿಲ್ಲ. ಎರಡು ಸಲ ನಪಾಸಾದೆ. ಆಗ ಲಿನೆಟ್ ಪ್ರತಿ ಭಾನುವಾರ ನಮ್ಮ ಅಡುಗೆಮನೆಗೆ ಬಂದು, ಕಿತ್ತಳೆ ಶರಬತ್ತಿನ ಬಾಟಲಿ ಮೇಜಿನ ಮೇಲಿಟ್ಟು ಪಾಠ ಹೇಳಿದಳು.

"ಒಂದು ಪಾಲು ಶರಬತ್ತು, ನಾಲ್ಕು ಪಾಲು ನೀರು. ಲೋಟದಲ್ಲಿ ಶರಬತ್ತು ಎಷ್ಟು?"

"ಕಾಲು ಭಾಗ."

"ಕಾಲಲ್ಲ ಕಣೇ ಕತ್ತೆ, ಐದರಲ್ಲಿ ಒಂದು. ಈಗ ಅದನ್ನ ಕುಡಿ. ಇನ್ನೊಂದು ಲೋಟ ಮಾಡೋಣ."

ಆ ಚಳಿಗಾಲ ನಾನು ಕುಡಿದ ಶರಬತ್ತಿಗೆ ಲೆಕ್ಕವಿಲ್ಲ. ಮೂರನೇ ಸಲ ಪಾಸಾದೆ. ಫಲಿತಾಂಶ ಬಂದ ದಿನ ಅವಳು ವಾರ್ಡಿನ ಮಧ್ಯದಲ್ಲೇ ನನ್ನನ್ನು ತಬ್ಬಿಕೊಂಡು ಅತ್ತಳು. ಆ ಅಳು ನಿಜದ್ದು. ಇವತ್ತಿಗೂ ನಾನು ಅದನ್ನು ಸುಳ್ಳೆನ್ನುವುದಿಲ್ಲ. ಅದು ಸುಳ್ಳಾಗಿದ್ದರೆ ಎಷ್ಟೋ ಸುಲಭವಾಗುತ್ತಿತ್ತು.

ನನಗೆ ಹೊಸ ಅಂಗಿ ಬಂತು. ಅದೇ ಬೂದು ಬಣ್ಣ, ಆದರೆ ಕಾಲರಿಗೆ ಹಳದಿ ಪಟ್ಟಿ. ಹಳದಿ ಪಟ್ಟಿ ಎಂದರೆ ಇವಳು ಕಲಿಯುತ್ತಿದ್ದಾಳೆ, ಕಲಿಯಲು ಬಿಡಿ ಎಂದರ್ಥ. ಲಿನೆಟ್ ಮೊದಲ ದಿನ ಕಲಿಸಿದ ಪಾಠ ಒಂದೇ. "ಬರೆಯದೇ ಇದ್ರೆ ಮಾಡಿಲ್ಲ ಅಂತಲೇ ಲೆಕ್ಕ. ಏನೇ ಮಾಡು, ತಾರೀಕು ಹಾಕು, ಗಂಟೆ ಹಾಕು, ಸಹಿ ಹಾಕು." ನಾನು ಎಷ್ಟು ಕಟ್ಟುನಿಟ್ಟಾದೆನೆಂದರೆ ಮನೆಯ ಫ್ರಿಜ್ಜಿನಲ್ಲಿ ಉಳಿದ ಸೂಪಿಗೂ ತಾರೀಕು ಹಾಕುತ್ತಿದ್ದೆ.

ಇನ್ನು ಆ ಹಾಳೆಯ ವಿಷಯ. ತರಬೇತಿಯವರಿಗೆ ವಾರಕ್ಕೆ ಇಷ್ಟು ಗಂಟೆ ಓದಲು ಬಿಡಲೇಬೇಕೆಂದು ನಿಯಮವಿದೆ. ಆ ಹೊತ್ತಿನಲ್ಲಿ ಅವರನ್ನು ವಾರ್ಡಿನ ಕೆಲಸಕ್ಕೆ ಎಳೆಯುವಂತಿಲ್ಲ. ಎಲ್ಲಿ ಓದಿದರು, ಎಷ್ಟು ಹೊತ್ತು ಓದಿದರು ಎಂದು ಬರೆದ ಹಾಳೆ ಪ್ರತಿ ಶುಕ್ರವಾರ ಕಾಲೇಜಿಗೆ ಹೋಗಬೇಕು. ನನ್ನ ಓದಿನ ಹೊತ್ತು ಮಂಗಳವಾರ, ಒಂದರಿಂದ ಐದು.

ಮೊದಲ ತಿಂಗಳು ಬಿಟ್ಟರು. ಎರಡನೇ ತಿಂಗಳು ಇಬ್ಬರು ಸಹಾಯಕಿಯರು ಕೆಲಸ ಬಿಟ್ಟು ಸೂಪರ್ ಮಾರ್ಕೆಟ್ಟಿಗೆ ಸೇರಿದರು. ಅಲ್ಲಿ ಸಂಬಳ ಹೆಚ್ಚು, ಯಾರೂ ಮೈಮೇಲೆ ವಾಂತಿ ಮಾಡುವುದಿಲ್ಲ. ಲಿನೆಟ್ ನನ್ನ ತೋಳು ಹಿಡಿದು ಹೇಳಿದಳು: "ಈ ವಾರ ಒಂದ್ಸಲ ಮಾತ್ರ, ಬೆವ್. ನೀನಿಲ್ಲದೇ ಹೋದ್ರೆ ಆ ಕಡೆ ಸಾಲು ಪೂರ್ತಿ ಒದ್ದೆ ಹಾಸಿಗೇಲಿ ಬಿದ್ದಿರುತ್ತೆ." ಶುಕ್ರವಾರ ಹಾಳೆ ಬಂತು. ಲೈಬ್ರರಿ, ಒಂದರಿಂದ ಐದು, ನಾಲ್ಕು ಗಂಟೆ ಎಂದು ಅವಳೇ ತುಂಬಿದ್ದಳು. ನಾನು ಸಹಿ ಹಾಕಿದೆ.

ಆ 'ಒಂದ್ಸಲ ಮಾತ್ರ' ಹದಿನಾಲ್ಕು ತಿಂಗಳು ನಡೆಯಿತು. ನನಗೂ ಒಳಗೊಳಗೆ ಹೆಮ್ಮೆಯೇ. ನಾನಿಲ್ಲದಿದ್ದರೆ ವಾರ್ಡು ನಿಂತುಹೋಗುತ್ತದೆ ಎಂದು ಯಾರಾದರೂ ಹೇಳಿದರೆ ಯಾವ ಹೆಂಗಸು ಲೈಬ್ರರಿಗೆ ಹೋಗುತ್ತಾಳೆ? ನಾನೇ ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡೆ. ಪಾಠಗಳನ್ನು ಬಸ್ಸಿನಲ್ಲಿ ಓದಿದೆ, ಟೀ ಕುಡಿಯುವಾಗ ಓದಿದೆ. ಸೀರಿಯಲ್ ಡಬ್ಬಿಯ ರಟ್ಟು ಕತ್ತರಿಸಿ ಚೀಟಿ ಮಾಡಿ, ಒಂದು ಕಡೆ ಪ್ರಶ್ನೆ, ಹಿಂದುಗಡೆ ಉತ್ತರ ಬರೆದು ಜೇಬಿಗೆ ಹಾಕಿಕೊಂಡೆ.

ಆ ಚೀಟಿಗಳಿಂದಲೇ ವಿನ್ನಿ ಡ್ರೂರಿ ನನ್ನ ಮೇಡಂ ಆದದ್ದು. ಎಂಬತ್ತೆಂಟು ವರ್ಷ, ಒಣಗಿದ ಮೀನಿನಷ್ಟು ತೂಕ. ಒಂದು ಕಾಲದಲ್ಲಿ ಬಂದರಿನಲ್ಲಿ ದೋಣಿಗಳಿಗೆ ಬಲೆ ಹೆಣೆಯುತ್ತಿದ್ದವಳು, ಬೆರಳುಗಳೆಲ್ಲ ಇನ್ನೂ ಕೊಕ್ಕೆಯಂತೆ ಬಾಗಿದ್ದವು. ಮನೆಯ ಮೆಟ್ಟಿಲಿನಿಂದ ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಕಿಟಕಿ ಪಕ್ಕದ ಹಾಸಿಗೆಗೆ ಬಂದಿದ್ದಳು. ಎರಡು ಗಂಟೆಗೊಮ್ಮೆ ಅವಳ ಮಗ್ಗುಲು ಬದಲಿಸಬೇಕು, ಬದಲಿಸಿ ಪಟ್ಟಿಯಲ್ಲಿ ಗಂಟೆ ಬರೆದು ಸಹಿ ಹಾಕಬೇಕು. ಇಲ್ಲದಿದ್ದರೆ ಹಾಸಿಗೆ ಹುಣ್ಣು. ಈ ಕೆಲಸಕ್ಕೆ ಇಬ್ಬರು ಬೇಕೆಂದು ನಿಯಮ. ಇನ್ನೊಬ್ಬರು ಎಲ್ಲಿದ್ದರು? ವಿನ್ನಿಯೇ ಹಾಸಿಗೆಯ ಕಂಬಿ ಹಿಡಿದು ಎಳೆದುಕೊಳ್ಳುತ್ತಿದ್ದಳು, ನಾನು ಅವಳ ಮೈಕೆಳಗೆ ಹಾಸಿದ ಜಾರುವ ಬಟ್ಟೆ ಎಳೆಯುತ್ತಿದ್ದೆ.

ಆ ಸೋಮವಾರ ಅವಳ ಬೆನ್ನ ಕೆಳಗೆ, ಬಾಲದ ಮೂಳೆಯ ಮೇಲೆ, ಕೆಂಪಗಾಗಿದ್ದು ಕಂಡೆ. ಬೆರಳೊತ್ತಿ ತೆಗೆದರೆ ಒಂದು ಗಳಿಗೆ ಬೆಳ್ಳಗಾಗಬೇಕು. ಆಗಲಿಲ್ಲ. ನೇರವಾಗಿ ಲಿನೆಟ್ ಕೋಣೆಗೆ ಹೋದೆ.

"ಮಿಸೆಸ್ ಡ್ರೂರಿಗೆ ಗಾಳಿ ಹಾಸಿಗೆ ಬೇಕು ಸಿಸ್ಟರ್. ಇವತ್ತೇ."

"ಅರ್ಜಿ ಕಳಿಸ್ತೀನಿ ಬಿಡು," ಎಂದಳು, ಫೋನು ಕಿವಿಗೆ ಒತ್ತಿಕೊಂಡು. ನಾನು ಅರ್ಜಿಯ ಕಾಗದವನ್ನು ಅವಳ ಕಣ್ಣೆದುರೇ ಮೇಜಿನ ಮೇಲಿಟ್ಟು ಬಂದೆ.

ಮರುದಿನ ಮಂಗಳವಾರ, ಮಾರ್ಚ್ ಎಂಟು. ಮಧ್ಯಾಹ್ನ ಎರಡು ಗಂಟೆಗೆ, ಅಂದರೆ ನಾನು ಲೈಬ್ರರಿಯಲ್ಲಿರಬೇಕಾದ ಹೊತ್ತಿಗೆ, ವಿನ್ನಿಯ ಮಗ್ಗುಲು ಬದಲಿಸಲು ಹೋದೆ. ಜೇಬಿನಿಂದ ಚೀಟಿಗಳು ಹಾಸಿಗೆ ಮೇಲೆ ಬಿದ್ದವು.

"ಏನೇ ಅದು, ಬಿಂಗೊ ಚೀಟಿನಾ?" ಎಂದಳು ವಿನ್ನಿ.

"ಪರೀಕ್ಷೆದು. ಗುರುವಾರ ಹೃದಯದ ಮೇಲೆ ಪರೀಕ್ಷೆ ಇದೆ."

"ತಾ ಇಲ್ಲಿ. ನಾನು ಕೇಳ್ತೀನಿ, ನೀನು ಹೇಳು. ನನ್ನ ಅಂಡು ಎತ್ತುವಾಗ ನಿನ್ನ ಬಾಯಿಗೇನು ಕೆಲಸ." ಕನ್ನಡಕ ಏರಿಸಿಕೊಂಡಳು. "ಹೃದಯಕ್ಕೆ ಎಷ್ಟು ಕೋಣೆ?"

"ಮೇಲೆ ಎರಡು, ಕೆಳಗೆ ಎರಡು."

"ಅಯ್ಯೋ, ನಮ್ಮ ಮನೆ ಥರಾನೇ ಅಲ್ವೇನೇ. ಮೇಲೆರಡು ಕೆಳಗೆರಡು. ಬಾಗಿಲು?"

"ನಾಲ್ಕು. ಕವಾಟ ಅಂತಾರೆ. ಒಂದೇ ಕಡೆಗೆ ತೆಗೀತವೆ."

"ನಮ್ಮನೆ ಹಿತ್ತಿಲ ಬಾಗಿಲು ಸರಿಯಾಗಿ ಮುಚ್ಚಲ್ಲ. ಹೃದಯದಲ್ಲಿ ಹಂಗಾದ್ರೆ?"

"ರಕ್ತ ಹಿಂದಕ್ಕೆ ಸೋರುತ್ತೆ."

"ಹೌದು ಮತ್ತೆ, ಗಾಳಿ ನುಗ್ಗುತ್ತೆ. ನನ್ನ ಗಂಡ ಹ್ಯಾರಿ ಅದನ್ನ ರಿಪೇರಿ ಮಾಡ್ತೀನಿ ಅಂತ ಹೇಳ್ತಾನೇ ಸತ್ತ." ನನ್ನ ಪೆನ್ನು ಕಸಿದುಕೊಂಡು ಚೀಟಿಯ ಮೇಲೆ ನಾನು ಬರೆದಿದ್ದ ಹೃದಯದ ಚಿತ್ರಕ್ಕೆ ಒಂದು ಹೊಗೆಗೂಡು ಸೇರಿಸಿದಳು. "ಈಗ ಸರಿಹೋಯ್ತು. ಇನ್ನು ಮರೆಯಲ್ಲ ನೀನು."

ನಾನು ಚೀಟಿಯ ಮೂಲೆಯಲ್ಲಿ ಅಭ್ಯಾಸಬಲದಿಂದ ಬರೆದೆ: ಮಾರ್ಚ್ 8, ಮಂಗಳವಾರ, 2.10, ಸರಿ ಉತ್ತರ. ವಿನ್ನಿ ತಾನೂ ಮೇಡಮ್ಮಿನ ಗತ್ತಿನಲ್ಲಿ ಕೆಳಗೆ ವಿ.ಡಿ. ಎಂದು ಸಹಿ ಹಾಕಿದಳು. ಮಗ್ಗುಲು ಬದಲಿಸಿ ಆಗಿತ್ತು. ಪಟ್ಟಿಯಲ್ಲಿ ಎರಡು ಗಂಟೆ ಎಂದು ಬರೆದು ಸಹಿ ಹಾಕಿದೆ. ನಾಲ್ಕು ಗಂಟೆಗೆ ಮತ್ತೊಮ್ಮೆ ಬದಲಿಸಿದೆ. ಗುರುವಾರದ ಪರೀಕ್ಷೆಯಲ್ಲಿ ನಾಲ್ಕೂ ಕವಾಟ ಸರಿಯಾಗಿ ಬರೆದೆ, ಹೊಗೆಗೂಡು ಮಾತ್ರ ಬಿಟ್ಟೆ.

ಶುಕ್ರವಾರ ವಿನ್ನಿಯ ಬೆನ್ನಿನ ಕೆಂಪು ಒಡೆದು ಗುಳಿಯಾಗಿತ್ತು, ಹೆಬ್ಬೆರಳು ಹೋಗುವಷ್ಟು. ಗಾಳಿ ಹಾಸಿಗೆ ಬಂದದ್ದು ಅವತ್ತು ಸಂಜೆ. ಅಷ್ಟು ಆಳದ ಹುಣ್ಣಾದರೆ ಆಸ್ಪತ್ರೆಯಲ್ಲಿ ವಿಚಾರಣೆ ನಡೆಯಲೇಬೇಕು. ಮೇಟ್ರನ್ ಮೊಯೊ ಎಲ್ಲ ಪಟ್ಟಿ ತರಿಸಿದರು. ಯಾರು ಯಾವ ಹೊತ್ತಿಗೆ ಎಲ್ಲಿದ್ದರು ಎಂದು ತಾಳೆ ನೋಡುವಾಗ ನನ್ನ ಓದಿನ ಹಾಳೆಯೂ ಅವರ ಕೈಗೆ ಸಿಕ್ಕಿತು.

ಭಾನುವಾರ ಮಧ್ಯಾಹ್ನ ಲಿನೆಟ್ ನಿಂಬೆ ಕೇಕ್ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಶರಬತ್ತಿನ ಪಾಠ ನಡೆದ ಅದೇ ಮೇಜು.

"ಬುಧವಾರ ನಿನ್ನ ಕರೀತಾರೆ," ಎಂದಳು. "ನೀನು ವಾರ್ಡಲ್ಲೇ ಇದ್ದೆ ಅಂತ ಹೇಳಿದ್ರೆ ಏನಾಗುತ್ತೆ ಗೊತ್ತಾ? ಹದಿನಾಲ್ಕು ತಿಂಗಳ ಓದಿನ ಗಂಟೆ ಪೂರ್ತಿ ಸುಳ್ಳಾಗುತ್ತೆ. ಕಾಲೇಜಿನವರು ನಿನ್ನ ಹೊರಗೆ ಹಾಕ್ತಾರೆ. ಇನ್ನು ಒಂಬತ್ತೇ ತಿಂಗಳು ಉಳಿದಿರೋದು ಕಣೇ."

"ಮತ್ತೆ ಏನು ಹೇಳಲಿ?"

"ಲೈಬ್ರರೀಲಿ ಇದ್ದೆ ಅನ್ನು. ಸಂಜೆ ಬಂದು ನೋಡಿದಾಗ ಪಟ್ಟಿ ಖಾಲಿ ಇತ್ತು, ಏಜೆನ್ಸಿಯಿಂದ ಬದಲಿಗೆ ಬಂದಿದ್ದ ಹುಡುಗಿ ತಾನು ಮಾಡಿದೀನಿ ಅಂದ್ಲು, ಅವಳ ಪರವಾಗಿ ಸಹಿ ಹಾಕಿದೆ ಅನ್ನು. ಯಾರು ಹಾಕಲ್ಲ ಹೇಳು? ಎಲ್ಲರೂ ಹಾಕ್ತಾರೆ. ಒಂದು ಎಚ್ಚರಿಕೆ ಪತ್ರ ಕೊಡ್ತಾರೆ, ಅಷ್ಟೇ. ನಾನು ಪಕ್ಕದಲ್ಲೇ ಇರ್ತೀನಿ. ಒಳ್ಳೇ ಹುಡುಗಿ ಅಂತ ನಾನು ಹೇಳ್ತೀನಿ."

"ಆದ್ರೆ ನಾನು ಅವಳನ್ನ ತಿರುಗಿಸಿದ್ದೆ ಲಿನೆಟ್. ಎರಡು ಸಲ."

"ನನಗೆ ಗೊತ್ತಿಲ್ವಾ?" ಎಂದು ನನ್ನ ಕೈ ಮೇಲೆ ಕೈ ಇಟ್ಟಳು. "ನನಗೆ ಗೊತ್ತು. ಅಷ್ಟು ಸಾಕಲ್ವಾ ನಿನಗೆ?"

ಸಾಕು ಅನ್ನಿಸಿತು. ಮೂಗಿಗೆ ತುಪ್ಪ ಸವರಿದರೆ ನಾಲಿಗೆ ಚಾಚುವವಳು ನಾನು. ಕೇಕ್ ತಿಂದೆವು. ಹೊರಡುವಾಗ ಅವಳು ಉಳಿದ ತುಂಡನ್ನು ಮುಚ್ಚಿ ಫ್ರಿಜ್ಜಿನಲ್ಲಿಟ್ಟು, "ತಾರೀಕು ಹಾಕು ಮತ್ತೆ," ಎಂದು ನಕ್ಕಳು.

ಹೀಗೆ ಬುಧವಾರ ಆ ಎರಡು ಕಾಗದಗಳ ಮುಂದೆ ಕೂತು ನಾನು ಹೇಳಿದೆ: ಲೈಬ್ರರಿಯಲ್ಲಿದ್ದೆ, ಮಗ್ಗುಲು ಬದಲಿಸಿದ್ದು ನಾನಲ್ಲ, ಸಹಿ ಮಾತ್ರ ನಾನು ಹಾಕಿದೆ. ಮೇಟ್ರನ್ ಅದನ್ನೆಲ್ಲ ಬರೆದುಕೊಂಡು, ಓದಿ ಹೇಳಿ, ಕೆಳಗೆ ನನ್ನ ಸಹಿ ಹಾಕಿಸಿಕೊಂಡರು. ಇದು ಮೂರನೇ ಸಹಿ. ಆಮೇಲೆ ಲಿನೆಟ್ ಕಡೆ ತಿರುಗಿದರು.

"ನಿಮ್ಮ ವಾರ್ಡಿನಲ್ಲಿ ಈ ಪದ್ಧತಿ ಇದೆಯಾ ಸಿಸ್ಟರ್?"

"ಇಲ್ಲ," ಎಂದಳು ಲಿನೆಟ್. ಅವಳು ನನ್ನ ಕಡೆ ನೋಡುತ್ತಿರಲಿಲ್ಲ, ಕಿಟಕಿಯಾಚೆ ಕೂತಿದ್ದ ಕಡಲಹಕ್ಕಿಯನ್ನು ನೋಡುತ್ತಿದ್ದಳು. "ಮಾಡದೇ ಇರೋ ಕೆಲಸಕ್ಕೆ ಸಹಿ ಹಾಕಬಾರದು ಅಂತ ನಾನು ಮೊದಲ ದಿನಾನೇ ಕಲಿಸ್ತೀನಿ. ಬೆವ್ ಹೀಗೆ ಮಾಡ್ತಾಳೆ ಅಂದ್ಕೊಂಡಿರಲಿಲ್ಲ. ಮುದುಕಿಯನ್ನ ಸರಿಯಾಗಿ ತಿರುಗಿಸಿದ್ರೆ ಈ ಹುಣ್ಣು ಆಗ್ತಿರಲಿಲ್ಲ."

"ಗಾಳಿ ಹಾಸಿಗೆ ತಡವಾಗಿದೆಯಲ್ಲ?"

"ಶುಕ್ರವಾರದವರೆಗೆ ಯಾರೂ ನನಗೆ ಹೇಳಿರಲಿಲ್ಲ."

ಬಾಯಿ ತೆರೆದೆ. ಆದರೆ ಹೇಳುವುದಾದರೂ ಏನು? ಸೋಮವಾರ ಹೇಳಿದ್ದೆ ಎಂದರೆ ಸಾಕ್ಷಿ ಏನು? ಅರ್ಜಿಯ ಕಾಗದ ಅವಳ ಕೈಯಲ್ಲೇ ಇತ್ತು. ಈಗಷ್ಟೇ ಸುಳ್ಳುಗಾತಿ ಎಂದು ನಾನೇ ಬರೆದುಕೊಟ್ಟಿದ್ದೆ. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎನ್ನುತ್ತಾರೆ. ಇಲ್ಲಿ ಎತ್ತು ತಾನೇ ಕಬ್ಬಿಣ ಕಾಯಿಸಿ ತಂದು ಕೊಟ್ಟಿತ್ತು. ಲಿನೆಟ್ ಕರವಸ್ತ್ರ ತೆಗೆದು ಕಣ್ಣೊತ್ತಿಕೊಂಡು, "ಇವಳಿಗಾಗಿ ನಾನೆಷ್ಟು ಮಾಡಿದೀನಿ," ಎಂದಳು. ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗುವುದು ಎಂದರೆ ಏನೆಂದು ನನಗೆ ಅವತ್ತು ಗೊತ್ತಾಯಿತು.

ದೇಶದ ಪಟ್ಟಿಗೆ ಹೆಸರು ಸೇರಬೇಕಾದರೆ ಒಳ್ಳೆಯ ನಡತೆಯವಳು ಎಂದು ಕಾಲೇಜಿನವರು ಬರೆದುಕೊಡಬೇಕು. ನನ್ನ ನಡತೆಯನ್ನು ವಿಚಾರಿಸಲು ಮೂರು ವಾರದ ನಂತರ ಸಭೆ ಇಟ್ಟರು. ಅಲ್ಲಿಯವರೆಗೆ ತರಬೇತಿ ನಿಲ್ಲಿಸಿ, ಹಳದಿ ಪಟ್ಟಿ ಇಲ್ಲದ ಹಳೆಯ ಬೂದು ಅಂಗಿ ಹಾಕಿಸಿದರು. ಹುಣ್ಣಿನ ಆರೈಕೆಗೆಂದು ವಿನ್ನಿಯನ್ನು ಬೇರೆ ವಾರ್ಡಿಗೆ ಒಯ್ದಿದ್ದರು. ಲಿನೆಟ್ ನನ್ನೊಡನೆ ಮಾತಾಡಲಿಲ್ಲ. ಟೀ ಕೋಣೆಗೆ ನಾನು ಹೋದರೆ ಮಾತು ನಿಲ್ಲುತ್ತಿತ್ತು. ತಾವೂ ಹಾಗೇ ಸಹಿ ಹಾಕುವ ಹೆಂಗಸರೆಲ್ಲ ನನ್ನನ್ನು ಕುಷ್ಠರೋಗಿಯಂತೆ ನೋಡಿದರು. ಬಸ್ಸಿನಲ್ಲಿ ಕೂತು ಅತ್ತೆ. ಕೋಪಕ್ಕೆ ಅತ್ತೆ, ದುಃಖಕ್ಕಲ್ಲ. ಆದರೂ ಒಂದು ಆಸೆ ಇತ್ತು, ಸಭೆಯವರು ಎಚ್ಚರಿಕೆ ಕೊಟ್ಟು ಬಿಟ್ಟಾರು ಎಂದು. ತಪ್ಪು ಒಪ್ಪಿಕೊಂಡವರನ್ನು ಅವರು ಮೆಚ್ಚುತ್ತಾರೆ ಎಂದು ಕಾಲೇಜಿನ ಟ್ಯೂಟರ್ ಫೋನಿನಲ್ಲಿ ಹೇಳಿದ್ದರು. ಆ ಒಂದು ಎಳೆ ಹಿಡಿದುಕೊಂಡಿದ್ದೆ. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು.

ಹತ್ತು ದಿನದ ಮೇಲೆ ವಿನ್ನಿಯನ್ನು ನೋಡಲು ಹೋದೆ. ಮೊದಲೇ ಹೋಗಬೇಕಿತ್ತು, ಮುಖ ಇರಲಿಲ್ಲ. ಅವಳ ಹಾಸಿಗೆಯ ತಲೆದೆಸೆಯಲ್ಲಿ ಒಂದು ನೀಲಿ ಹೂವಿನ ಚೀಟಿ ಅಂಟಿಸಿದ್ದರು. ನಮ್ಮಲ್ಲಿ ಆ ಹೂವು ಯಾರಿಗೆ ಎಂದು ಎಲ್ಲರಿಗೂ ಗೊತ್ತು. ಬುದ್ಧಿ ಸ್ತಿಮಿತ ತಪ್ಪಿದವರಿಗೆ.

"ವಿನ್ನಿ, ಈ ಹೂವು ಯಾಕೆ?" ಎಂದೆ.

"ನನಗೆ ಅರಳುಮರಳಂತೆ," ಎಂದಳು, ಯಾರದೋ ಸುದ್ದಿ ಹೇಳುವ ಹಾಗೆ. "ನಿಮ್ಮ ಮೇಟ್ರನ್ ಕಳಿಸಿದ ಹೆಂಗಸು ಬಂದು ಕೇಳಿದ್ಲು, ಮಂಗಳವಾರ ಮಧ್ಯಾಹ್ನ ನಿನ್ನ ಯಾರಾದ್ರೂ ತಿರುಗಿಸಿದ್ರಾ ಅಂತ. ಬೆವ್ ತಿರುಗಿಸಿದ್ಲು ಅಂದೆ. ಇಲ್ಲ, ಅವಳೇ ಒಪ್ಪಿಕೊಂಡಿದಾಳೆ, ಅವಳು ಅಲ್ಲಿರಲಿಲ್ಲ ಅಂದ್ಲು. ಇದ್ಲು, ನಾನು ಅವಳಿಗೆ ಪಾಠ ಹೇಳಿಕೊಟ್ಟೆ, ಹೃದಯ ಅಂದ್ರೆ ಮೇಲೆರಡು ಕೆಳಗೆರಡು, ನಮ್ಮನೆ ಥರ, ಹಿತ್ತಿಲ ಬಾಗಿಲು ಸೋರುತ್ತೆ ಅಂದೆ. ಅವಳು ಅದನ್ನೆಲ್ಲ ಬರೆದುಕೊಂಡು ಹೋದ್ಲು. ಮಾರನೇ ದಿನ ಒಬ್ಬ ಬಂದು ಈಗಿನ ಪ್ರಧಾನಿ ಯಾರು, ಇಪ್ಪತ್ತರಿಂದ ಹಿಂದಕ್ಕೆ ಎಣಿಸು ಅಂತ ಶುರು ಮಾಡಿದ. ನನಗೆ ಸಿಟ್ಟು ಬಂತು. ನೀನೇ ಎಣಿಸ್ಕೋ ಹೋಗೋ ಅಂದೆ."

"ಈಗ ಏನಂತಾರೆ?"

"ಮನೆಗೆ ಕಳಿಸಲ್ವಂತೆ. ಒಬ್ಬಳೇ ಇರೋಳು, ಬುದ್ಧಿ ನೆಟ್ಟಗಿಲ್ಲ, ಮೆಟ್ಟಿಲು ಬೇರೆ. ಆರೈಕೆ ಗೃಹ ನೋಡ್ತಿದಾರೆ." ಹೊದಿಕೆಯ ಅಂಚನ್ನು ಬಲೆ ಹೆಣೆಯುವಂತೆ ತಿರುವುತ್ತಿದ್ದಳು. "ನನಗೂ ಒಂದೊಂದ್ಸಲ ಅನುಮಾನ ಬರುತ್ತೆ ಬೆವ್. ಅಷ್ಟು ಜನ ಓದಿದೋರು ಹೇಳ್ತಾರಲ್ಲ. ನಾನೇ ಕನಸು ಕಂಡೆನಾ ಏನೋ."

ಲಿನೆಟ್ ನನಗೆ ಮಾಡಿದ್ದನ್ನು ನೆನೆದು ಹತ್ತು ದಿನದಿಂದ ಹಲ್ಲು ಕಡಿಯುತ್ತಿದ್ದೆ. ಅದೇ ಕೆಲಸವನ್ನು ನಾನು ಈ ಮುದುಕಿಗೆ ಮಾಡಿ ಕೈ ತೊಳೆದುಕೊಂಡಿದ್ದೆ. ಇನ್ನೂ ಕೆಟ್ಟದಾಗಿಯೇ ಮಾಡಿದ್ದೆ, ಏಕೆಂದರೆ ಲಿನೆಟ್ ನನ್ನ ಕೆಲಸವನ್ನಷ್ಟೇ ಕಸಿದಿದ್ದಳು. ನಾನು ವಿನ್ನಿಗೆ ಅವಳ ತಲೆಯ ಮೇಲೆಯೇ ನಂಬಿಕೆ ಇಲ್ಲದಂತೆ ಮಾಡಿದ್ದೆ.

"ಕನಸಲ್ಲ ವಿನ್ನಿ," ಎಂದೆ. "ನಾನೇ ತಿರುಗಿಸಿದ್ದು. ನಾನೇ ಸುಳ್ಳು ಹೇಳಿದ್ದು."

ಅವಳು ಕನ್ನಡಕದ ಡಬ್ಬಿ ತೆರೆದು, ಒಳಗಿನ ಬಟ್ಟೆಯ ಕೆಳಗಿನಿಂದ ಒಂದು ರಟ್ಟಿನ ಚೂರು ತೆಗೆದಳು. ಹೊಗೆಗೂಡಿನ ಹೃದಯ. ಮೂಲೆಯಲ್ಲಿ ನನ್ನ ಕೋಳಿ ಕೆದರಿದ ಬರಹ: ಮಾರ್ಚ್ 8, ಮಂಗಳವಾರ, 2.10, ಸರಿ ಉತ್ತರ. ಕೆಳಗೆ ವಿ.ಡಿ.

"ನೀನು ಅವತ್ತು ಮರೆತು ಹೋಗಿದ್ದೆ," ಎಂದಳು.

"ಇದನ್ನ ಅವರಿಗೆ ತೋರಿಸಿದ್ರೆ ಆಗ್ತಿತ್ತಲ್ಲ. ಯಾರೂ ನಿನ್ನ ಅರಳುಮರಳು ಅಂತಿರಲಿಲ್ಲ."

"ನೀನು ಇರಲಿಲ್ಲ ಅಂತ ಹೇಳಿದೀಯ ಅಂದ್ರಲ್ಲ. ನಿನಗೇನು ಕಷ್ಟ ಇತ್ತೋ ಏನೋ. ನಾನು ಇದನ್ನ ತೋರಿಸಿ ನಿನ್ನ ಪರೀಕ್ಷೆ ಹಾಳಾದ್ರೆ?" ಎಂದು ಡಬ್ಬಿ ಮುಚ್ಚಿದಳು. "ಅದಿರಲಿ, ಪಾಸಾದೆಯಾ?"

"ಪಾಸಾದೆ," ಎಂದೆ.

ಚೀಟಿ ತೆಗೆದುಕೊಂಡು ಅಲ್ಲಿಂದ ನೇರ ಮೇಟ್ರನ್ ಕೋಣೆಗೆ ಹೋದೆ. ಅವರು ಸ್ಯಾಂಡ್‌ವಿಚ್ ತಿನ್ನುತ್ತಿದ್ದರು. ಚೀಟಿಯನ್ನು ಅವರ ಮುಂದಿಟ್ಟು ಎಲ್ಲವನ್ನೂ ಹೇಳಿದೆ. ಹದಿನಾಲ್ಕು ತಿಂಗಳ ಶುಕ್ರವಾರಗಳು, ಸೋಮವಾರದ ಹಾಸಿಗೆ ಅರ್ಜಿ, ಭಾನುವಾರದ ಕೇಕು. ಮೇಟ್ರನ್ ಕೈಯೊರೆಸಿಕೊಂಡು ಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಇದನ್ನು ನಾನು ತೆಗೆದುಕೊಂಡರೆ ನಿಮ್ಮ ಗತಿ ಏನು ಅಂತ ಗೊತ್ತಿದೆಯಾ?" ಎಂದರು. "ಓದಿನ ಗಂಟೆ ಒಂದೂ ಉಳಿಯಲ್ಲ. ಹೇಳಿಕೆಯೂ ಸುಳ್ಳು ಅಂತಾಗುತ್ತೆ. ಆ ಸಭೆ ನಿಮ್ಮನ್ನ ಉಳಿಸಿಕೊಳ್ಳಲ್ಲ ಬೆವರ್ಲಿ."

"ಗೊತ್ತು. ಅವಳ ತಲೆ ಮೇಲಿನ ಹೂವು ಇವತ್ತೇ ತೆಗೆಸಿ."

"ಇವತ್ತೇ," ಎಂದರು ಮೇಟ್ರನ್. ತೆಗೆಸಿದರು ಕೂಡ. ನಾನು ಹೇಳಿದ್ದನ್ನೆಲ್ಲ ಬರೆದು, ತಾರೀಕು ಹಾಕಿ, ಸಹಿ ಹಾಕಿ ಕೊಟ್ಟೆ.

ಸಭೆ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ತರಬೇತಿ ಹೋಯಿತು. ಸಹಾಯಕಿಯ ಕೆಲಸ ಕೊನೆಯ ಎಚ್ಚರಿಕೆಯ ಮೇಲೆ ಉಳಿಯಿತು, ಏಕೆಂದರೆ ಮಲಪಾತ್ರೆ ಎತ್ತಲು ಯಾರೂ ಸಿಗುತ್ತಿಲ್ಲ. ವಿನ್ನಿ ಮೇ ತಿಂಗಳಲ್ಲಿ ತನ್ನ ಮೇಲೆರಡು ಕೆಳಗೆರಡರ ಮನೆಗೆ ಹೋದಳು. ಹಾಸಿಗೆಯನ್ನು ಕೆಳಗಿನ ಕೋಣೆಗೆ ಇಳಿಸಿಕೊಟ್ಟಿದ್ದಾರೆ. ಹಿತ್ತಿಲ ಬಾಗಿಲನ್ನು ನನ್ನ ಗಂಡ ಹೋಗಿ ರಿಪೇರಿ ಮಾಡಿ ಬಂದ.

ಲಿನೆಟ್‌ಗೆ ಸಿಸ್ಟರ್ ಪಟ್ಟ ಹೋಗಿ ಹೊರರೋಗಿಗಳ ವಿಭಾಗದಲ್ಲಿ ಸಾದಾ ನರ್ಸ್ ಕೆಲಸ ಕೊಟ್ಟರು. ಜೂನ್‌ನಲ್ಲಿ ಒಂದು ಮಧ್ಯಾಹ್ನ ಲಿಫ್ಟಿನ ಮುಂದೆ ಎದುರಾದಳು. ಸೊರಗಿದ್ದಳು. ನಾನು ದಾಟಿ ಹೋಗಬೇಕೆಂದಿದ್ದೆ. ಅವಳು ನನ್ನ ತಳ್ಳುಗಾಡಿಯ ಕಂಬಿ ಹಿಡಿದು ನಿಲ್ಲಿಸಿದಳು.

"ನನಗೆ ಹೀಗೆ ಮಾಡೋಕೆ ನಿನಗೆ ಮನಸ್ಸಾದ್ರೂ ಹೇಗೆ ಬಂತೇ?" ಎಂದಳು. "ಪ್ರತಿ ಭಾನುವಾರ ನಿನ್ನ ಅಡುಗೆಮನೇಲಿ ಕೂತು ಭಿನ್ನರಾಶಿ ಕಲಿಸಿದೋಳು ನಾನು."

ಅವಳ ಕಣ್ಣಲ್ಲಿ ನೀರಿತ್ತು, ಅದೂ ನಿಜವಾದದ್ದು. ನನ್ನಿಂದ ಮೋಸ ಹೋದವಳು ತಾನೇ ಎಂದು ಅವಳು ಮನಸಾರೆ ನಂಬಿದ್ದಳು.

"ಬರೆಯದೇ ಇದ್ರೆ ಮಾಡಿಲ್ಲ ಅಂತನೂ ನೀನೇ ಕಲಿಸಿದ್ದು," ಎಂದೆ. "ನೀನು ಮಾಡಿದ್ದನ್ನ ಬರೆದುಕೊಟ್ಟೆ. ತಾರೀಕು ಹಾಕಿ."

ಲಿಫ್ಟ್ ಬಂತು, ಅವಳು ಕಂಬಿ ಬಿಟ್ಟಳು. ಗೆದ್ದವಳ ಹಾಗೆ ಗಾಡಿ ತಳ್ಳಿಕೊಂಡು ವಾರ್ಡಿಗೆ ಬಂದೆ. ಮೂರು ಗಂಟೆಯಾಗಿತ್ತು, ರೋಗಿಗಳಿಗೆ ಶರಬತ್ತು ಕೊಡುವ ಹೊತ್ತು. ಜಗ್ಗಿಗೆ ಒಂದು ಪಾಲು ಶರಬತ್ತು ಹಾಕಿ, ನೀರು ಸುರಿಯುತ್ತಾ ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸಿದೆ. ಈಗಲೂ ಎಣಿಸುವುದು ಅವಳ ದನಿಯಲ್ಲೇ. ಲೆಕ್ಕ ಒಂದು ಸಲವೂ ತಪ್ಪಿಲ್ಲ. ಅಷ್ಟು ಚೆನ್ನಾಗಿ ಕಲಿಸಿದ್ದಕ್ಕೇ ನಾನು ಅವಳನ್ನು ಇನ್ನೂ ಕ್ಷಮಿಸಿಲ್ಲ.